ಹಳಿ ಮುಗಿಯುವ ಊರು



ರೈಲಿನ ವಿಷಯವಾಗಿ ಮಾತನಾಡುವವರು ಸಾಮಾನ್ಯವಾಗಿ ದೊಡ್ಡ ಗಾಡಿಗಳನ್ನೇ ಎತ್ತಿಕೊಳ್ಳುವರು. ಮಹಾನಗರಗಳ ನಡುವೆ ಹಗಲಿರುಳೆನ್ನದೆ ಓಡುವ ಗಾಡಿಗಳ ವೇಗ, ಅವುಗಳ ವೈಭವ, ಅವುಗಳಲ್ಲಿ ಸ್ಥಳ ದೊರೆಯದೆ ಪಟ್ಟ ಪಾಡು, ಇವೆಲ್ಲ ತಮಗೆ ಗೊತ್ತಿರುವ ಸಂಗತಿಗಳೇ. ನಾವು ಈ ಹೊತ್ತು ಹೇಳಬೇಕೆಂದಿರುವುದು ಅವುಗಳ ಮಾತನ್ನಲ್ಲ. ವೇಳಾಪಟ್ಟಿಯ ಕೊನೆಯ ಹಾಳೆಗಳಲ್ಲಿ ಅಡಗಿಕೊಂಡು, ದಿನಕ್ಕೆ ಕೆಲವೇ ಸಲ ಬಂದುಹೋಗಿ, ತಮ್ಮನ್ನು ನಂಬಿದ ಅಷ್ಟಿಷ್ಟು ಜನವನ್ನು ಹೊತ್ತು ತಿರುಗುವ ಸಣ್ಣ ಗಾಡಿಗಳ ಮಾತು ನಮ್ಮದು. ಇಂಥ ಗಾಡಿಗಳು ನಮ್ಮ ನಾಡಿನಲ್ಲಿಯೂ ಉಂಟು, ದೂರದ ಇಟಲಿಯಲ್ಲಿಯೂ ಉಂಟು. ಕೆಲವು ಬದುಕಿವೆ, ಕೆಲವು ಸತ್ತಿವೆ, ಸತ್ತು ಮತ್ತೆ ಎದ್ದುಬಂದುವೂ ಇವೆ.

ಈ ವಿಷಯವನ್ನು ಮಾತನಾಡುವುದಕ್ಕೆ ನಮಗಿರುವ ಅರ್ಹತೆ ವಿಚಿತ್ರವಾದುದು. ನಾವು ರೈಲೇ ಇಲ್ಲದ ಊರಿನವರು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ರಸ್ತೆಯಲ್ಲಿ, ಗುಂಡ್ಲುಪೇಟೆಗೆ ಏಳು ಮೈಲಿ ಮೊದಲೇ ಸಿಕ್ಕುವ ತೆರಕಣಾಂಬಿ ನಮ್ಮ ಊರು. ಹಿಂದೆ ಇದನ್ನು ತ್ರಿಕದಂಬಪುರವೆಂದು ಕರೆಯುತ್ತಿದ್ದರಂತೆ. ಉಮ್ಮತ್ತೂರಿನ ಪಾಳೆಯಗಾರರ ಕಾಲದಲ್ಲಿಯೂ ಆಮೇಲೆ ಮೈಸೂರು ಒಡೆಯರ ಕಾಲದಲ್ಲಿಯೂ ಇದು ಹೆಸರುವಾಸಿಯಾದ ಕೋಟೆಯ ಊರು. ಲಕ್ಷ್ಮೀವರದರಾಜಸ್ವಾಮಿಯ ಗುಡಿಯನ್ನು ನೋಡಿದವರಿಗೆ, ಈ ಊರು ಒಂದು ಕಾಲದಲ್ಲಿ ಹೇಗಿದ್ದೀತೆಂಬುದನ್ನು ನಾವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಈಗ ಊರಿಗೆ ಹೆಸರು ತಂದಿರುವುದು ತರಕಾರಿಯ ಸಂತೆ. ಟೊಮೆಟೊ, ಎಲೆಕೋಸು, ಬೀನ್ಸು, ಬೀಟ್‌ರೂಟುಗಳನ್ನು ಸುತ್ತಣ ರೈತರು ತಂದು ಸುರಿಯುವರು. ಕೇರಳದ ಮತ್ತು ತಮಿಳುನಾಡಿನ ವ್ಯಾಪಾರಿಗಳು ಲಾರಿಗಳಲ್ಲಿ ತುಂಬಿಕೊಂಡು ಹೋಗುವರು. ಓಣಂ ಹಬ್ಬ ಹತ್ತಿರವಾಯಿತೆಂದರೆ ಹೊಲಗಳಲ್ಲಿ ಚೆಂಡುಹೂವು, ರಸ್ತೆಯಲ್ಲಿ ಲಾರಿಗಳ ಸಾಲು. ಇಷ್ಟೆಲ್ಲ ಸರಕು ಹುಟ್ಟುವ ಸೀಮೆಗೆ ಒಂದು ಹಳಿಯಿಲ್ಲ. ನಮ್ಮ ಬಾಲ್ಯದಲ್ಲಿ ರೈಲು ನೋಡುವುದೆಂದರೆ ಚಾಮರಾಜನಗರಕ್ಕೆ ಹೋಗುವುದೆಂದೇ ಅರ್ಥ.

ಚಾಮರಾಜನಗರ ಹಳಿ ಮುಗಿಯುವ ಊರು. ಅದರ ಹಳೆಯ ಹೆಸರು ಅರಿಕುಠಾರ. ಖಾಸಾ ಚಾಮರಾಜ ಒಡೆಯರು ಅಲ್ಲಿ ಜನಿಸಿದರೆಂಬ ಕಾರಣದಿಂದ ಅವರ ಮಕ್ಕಳು ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ಊರಿಗೆ ತಂದೆಯ ಹೆಸರನ್ನಿಟ್ಟು, ೧೮೨೬ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ಅದಾದ ಸರಿಯಾಗಿ ನೂರು ವರ್ಷಕ್ಕೆ, ಎಂದರೆ ೧೯೨೬ರಲ್ಲಿ, ಊರಿಗೆ ರೈಲು ಬಂದಿತು. ಮೈಸೂರಿನಿಂದ ನಂಜನಗೂಡಿನವರೆಗಿನ ದಾರಿ ೧೮೯೧ರಷ್ಟು ಹಿಂದೆಯೇ ತೆರೆದಿತ್ತು. ನಂಜನಗೂಡಿನಿಂದ ಇಪ್ಪತ್ತೆರಡು ಮೈಲಿಗಳಷ್ಟು ಮುಂದುವರಿಯಲು ಮೂವತ್ತೈದು ವರ್ಷ ಹಿಡಿಯಿತು. ಮೈಸೂರು ಸಂಸ್ಥಾನದ ರೈಲ್ವೆ ೧೯೫೧ರಲ್ಲಿ ದಕ್ಷಿಣ ರೈಲ್ವೆಯೊಳಗೆ ಸೇರಿತು. ೨೦೦೩ರಿಂದ ಈಚೆಗೆ ಈ ದಾರಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಯಜಮಾನರು ಬದಲಾದರೂ ಹಳಿ ಮಾತ್ರ ೧೯೨೬ರಲ್ಲಿ ನಿಂತ ಜಾಗದಲ್ಲಿಯೇ ನಿಂತಿದೆ. ಒಂದು ಗೇಣೂ ಮುಂದೆ ಹೋಗಿಲ್ಲ.

ಮೈಸೂರಿನಿಂದ ಚಾಮರಾಜನಗರಕ್ಕೆ ೬೧ ಕಿಲೋಮೀಟರು. ದಾರಿಯ ನಿಲ್ದಾಣಗಳ ಹೆಸರುಗಳನ್ನು ಒಮ್ಮೆ ಕೇಳಬೇಕು: ಕಡಕೊಳ, ತಾಂಡವಪುರ, ಸುಜಾತಪುರ, ನಂಜನಗೂಡು ಟೌನ್, ಅನಂತರ ಚಿನ್ನದಗುಡಿಹುಂಡಿ, ನರಸಾಂಬುಧಿ, ಕವಲಂದೆ, ಬದನಗುಪ್ಪೆ, ಮರಿಯಾಲ. ಬೆಂಗಳೂರಿನ ಮೇಷ್ಟರೊಬ್ಬರು ಒಮ್ಮೆ ನಮ್ಮೊಡನೆ ಪಯಣಮಾಡಿದಾಗ ಚಿನ್ನದಗುಡಿಹುಂಡಿಯ ಹಲಗೆಯನ್ನು ನೋಡಿ, 'ಇಲ್ಲಿ ಯಾರು ಇಳಿಯುತ್ತಾರೆ?' ಎಂದು ಕೇಳಿದರು. ಆ ಹೊತ್ತಿಗೆ ಆರು ಜನ ಇಳಿದು, ನಾಲ್ಕು ಜನ ಹತ್ತಿದರು. ಹತ್ತಿದವರಲ್ಲಿ ಒಬ್ಬ ಮುದುಕಿ ಮೇಷ್ಟರ ಪಕ್ಕದಲ್ಲಿಯೇ ಕುಳಿತು ಎಲೆಯಡಿಕೆಯ ಚೀಲ ಬಿಚ್ಚಿದಳು. ಪ್ರಶ್ನೆಗೆ ಉತ್ತರ ದೊರೆಯಿತು.

ಈ ದಾರಿಯಲ್ಲಿ ಬಹುಕಾಲ ಒಂದು ಅಪರೂಪದ ನೋಟವಿದ್ದಿತು. ನಂಜನಗೂಡಿನಲ್ಲಿ ಕಪಿಲಾ ನದಿಗೆ ಅಡ್ಡಲಾಗಿ ದಳವಾಯಿ ದೇವರಾಜಯ್ಯನವರು ೧೭೩೫ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯೊಂದು ಇದೆ. ಲೋಕದಲ್ಲಿ ಎಲ್ಲಿಯೂ ಉಗಿಬಂಡಿಯೆಂಬ ವಸ್ತುವೇ ಇರದಿದ್ದ ಕಾಲ ಅದು. ಎತ್ತಿನ ಗಾಡಿಗೂ ಕುದುರೆಗೂ ಕಾಲಾಳಿಗೂ ಎಂದು ಕಟ್ಟಿದ ಆ ಸೇತುವೆಯ ಮೇಲೆಯೇ ಮುಂದೆ ಹಳಿಯನ್ನು ಹಾಯಿಸಿದರು. ಒಂದು ಪಕ್ಕದಲ್ಲಿ ರಸ್ತೆ, ಮತ್ತೊಂದು ಪಕ್ಕದಲ್ಲಿ ರೈಲು. ದಾರಿಯನ್ನು ಬ್ರಾಡ್‌ಗೇಜಿಗೆ ಬದಲಾಯಿಸುವವರೆಗೂ ಗಾಡಿ ಅದರ ಮೇಲೆಯೇ ಓಡಿತು. ನಾವು ಚಿಕ್ಕವರಾಗಿದ್ದಾಗ ಸೇತುವೆಯ ಮೇಲೆ ಗಾಡಿ ಮೆಲ್ಲಗೆ ಹೋಗುವಾಗ, ಪಕ್ಕದ ರಸ್ತೆಯಲ್ಲಿ ಸೈಕಲ್ ತುಳಿಯುವವರು ನಮ್ಮನ್ನು ಹಿಂದೆ ಹಾಕಿ ನಗುತ್ತಿದ್ದುದು ಚೆನ್ನಾಗಿ ನೆನಪಿದೆ. ಮುನ್ನೂರು ವರ್ಷಕ್ಕೆ ಹತ್ತಿರವಾದ ಆ ಕಲ್ಲುಗಳು ಈಗ ವಿಶ್ರಾಂತಿಯಲ್ಲಿವೆ. ರೈಲು ಹೊಸ ಸೇತುವೆಯ ಮೇಲೆ ಹೋಗುವುದು. ಆ ಹಳೆಯ ಸೇತುವೆಯನ್ನು ನೋಡದೆ ಶ್ರೀಕಂಠೇಶ್ವರನ ದರ್ಶನ ಮಾಡಿಕೊಂಡು ಹಿಂತಿರುಗುವವರೇ ಹೆಚ್ಚು. ಮುಂದಿನ ಸಲ ಹೋದಾಗ ಹಾಗೆ ಮಾಡಬಾರದೆಂದು ನಮ್ಮ ಬಿನ್ನಹ.

ಬೆಂಗಳೂರು ಮೈಸೂರುಗಳ ನಡುವಣ ದಾರಿ ೧೯೯೦ರ ದಶಕದಲ್ಲಿಯೇ ಬ್ರಾಡ್‌ಗೇಜ್ ಆಯಿತು. ಚಾಮರಾಜನಗರದ ದಾರಿ ಮಾತ್ರ ೨೦೦೮ರವರೆಗೂ ಹಳೆಯ ಮೀಟರ್‌ಗೇಜಿನ ಕಥೆ. ಹತ್ತು ಹದಿನೈದು ವರ್ಷ ಹೀಗೆ ಕಳೆಯಿತು. ಬೆಂಗಳೂರಿಗೆ ಹೋಗುವವನು ಮೈಸೂರಿನಲ್ಲಿ ಗಂಟುಮೂಟೆಗಳನ್ನು ಇಳಿಸಿ ಬೇರೆ ಗಾಡಿಗೆ ಹತ್ತಿಸಬೇಕು. ಸರಕಿನ ಗಾಡಿ ಅತ್ತಿಂದಿತ್ತ ಬರುವಂತಿಲ್ಲ. ಇಷ್ಟರಲ್ಲಿ ಜನ ಬಸ್ಸಿಗೆ ಹೊಂದಿಕೊಂಡರು. ರೈಲಿನ ಜನ ಏಕೆ ಕಡಮೆಯಾದರು ಎಂದು ಕೇಳುವವರು ಈ ಹದಿನೈದು ವರ್ಷಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಮ್ಮೆ ಬಸ್ಸಿನ ರೂಢಿಯಾದ ಮನೆಯನ್ನು ಮತ್ತೆ ರೈಲಿಗೆ ತರುವುದು ಬಿಟ್ಟುಹೋದ ಗಿರಾಕಿಯನ್ನು ಅಂಗಡಿಗೆ ಕರೆತಂದಂತೆ. ಈಗಂತೂ ತಿರುಪತಿಯ ಎಕ್ಸ್‌ಪ್ರೆಸ್ ಗಾಡಿಯೂ ಚಾಮರಾಜನಗರದವರೆಗೆ ಬರುವುದು. ಆದರೆ ಹೆಚ್ಚಿನವು ಎಲ್ಲೆಡೆ ನಿಲ್ಲುವ ಪ್ಯಾಸೆಂಜರ್ ಗಾಡಿಗಳೇ.

ಅದರಲ್ಲಿ ಯಾರು ಹೋಗುವರು? ಕಳೆದ ಹುಣ್ಣಿಮೆಯ ಹಿಂದಿನ ದಿನ ನಾವು ಬೇಕೆಂದೇ ಬೆಳಗಿನ ಗಾಡಿಯಲ್ಲಿ ಹೊರಟೆವು. ನಂಜನಗೂಡಿನ ಕಾರ್ಖಾನೆಗಳಿಗೆ ಹೋಗುವ ಹುಡುಗರು, ಮೈಸೂರಿನ ಕಾಲೇಜುಗಳಿಗೆ ಹೋಗುವ ವಿದ್ಯಾರ್ಥಿಗಳು, ಆಸ್ಪತ್ರೆಗೆ ಹೊರಟ ಒಬ್ಬ ಗರ್ಭಿಣಿ ಮತ್ತು ಅವಳ ತಾಯಿ, ದೇವರಿಗೆ ಮುಡಿ ಕೊಡಲು ಹೊರಟ ಒಂದು ಕುಟುಂಬ. ಎದುರಿನ ಬೆಂಚಿನಲ್ಲಿ ಕುಳಿತಿದ್ದ ವೃದ್ಧರೊಬ್ಬರನ್ನು, 'ಬಸ್ಸು ಬೇಗ ಹೋಗುವುದಲ್ಲ ಯಜಮಾನರೆ, ರೈಲೇಕೆ?' ಎಂದು ಕೇಳಿದೆವು. ಅವರು ನಮ್ಮನ್ನು ಮೇಲೆ ಕೆಳಗೆ ನೋಡಿ, 'ಬಸ್ಸು ಬ್ಯಾಗ ಹೋಯ್ತದ ಸ್ವಾಮಿ. ಆದ್ರ ಈ ಮಂಡಿ ಮಡುಸ್ಕೊಂಡು ಕೂತ್ಕಳಕ ಆಗದಿಲ್ಲ. ಇಲ್ಲಾದ್ರ ಕಾಲ್ ನೀಡ್ಕೊಂಡು ಹೋಯ್ತೀನಿ. ಮೂಟಗೂ ಜಾಗ ಅದ' ಎಂದರು. ಟಿಕೆಟ್ಟಿನ ಹಣದ ಮಾತನ್ನು ಅವರು ಎತ್ತಲೇ ಇಲ್ಲ. ಎತ್ತಿದವಳು ಪಕ್ಕದಲ್ಲಿದ್ದ ಅವರ ಸೊಸೆ. ೨೦೨೩ರ ಜೂನ್ ತಿಂಗಳಿನಿಂದ ಸರ್ಕಾರದ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ರೈಲಿನಲ್ಲಿ ಉಂಟು. 'ಮಾವನೋರ್ಗೋಸ್ಕರ ನಾನು ದುಡ್ಡು ಕೊಟ್ಟು ಬಂದಿವ್ನಿ' ಎಂದು ಆಕೆ ನಗುತ್ತ ಹೇಳಿದಳು. ರೈಲಿನ ಗಿರಾಕಿಗಳ ವಿಷಯವಾಗಿ ದೊಡ್ಡ ವರದಿಗಳು ಹೇಳದ ಎರಡು ಮಾತುಗಳನ್ನು ಒಂದೇ ಬೆಂಚಿನಲ್ಲಿ ನಾವು ಕೇಳಿದಂತಾಯಿತು.

ಇನ್ನು ಹಳಿ ಏಕೆ ಮುಂದೆ ಹೋಗಲಿಲ್ಲ? ಹೋಗಬೇಕೆಂಬ ಯೋಜನೆಗಳಿಗೇನೂ ಬರವಿಲ್ಲ. ಚಾಮರಾಜನಗರದಿಂದ ದಕ್ಷಿಣಕ್ಕೆ ಸತ್ಯಮಂಗಲದ ಮೇಲೆ ಮೆಟ್ಟುಪಾಳಯಕ್ಕೆ ಹಾಯಿಸಬೇಕೆಂಬುದು ಒಂದು. ಉತ್ತರಕ್ಕೆ ಯಳಂದೂರು, ಕೊಳ್ಳೇಗಾಲ, ಮಳವಳ್ಳಿ, ಕನಕಪುರಗಳ ಮೇಲೆ ಬೆಂಗಳೂರಿನ ಬಳಿಯ ಹೆಜ್ಜಾಲಕ್ಕೆ ಸೇರಿಸಬೇಕೆಂಬುದು ಇನ್ನೊಂದು. ೧೯೯೦ರ ದಶಕದ ಉತ್ತರಾರ್ಧದಲ್ಲಿ ಈ ಎರಡೂ ರೈಲ್ವೆಯ ಮುಂಗಡಪತ್ರಗಳಲ್ಲಿ ಕಾಣಿಸಿಕೊಂಡವು. ಇವಲ್ಲದೆ ನಂಜನಗೂಡಿನಿಂದ ಕೇರಳದ ನಿಲಂಬೂರಿಗೆ ಹೋಗಬೇಕೆಂಬ ಮೂರನೆಯ ದಾರಿಯೊಂದು ಇದೆ. ಅದನ್ನು ವಯನಾಡಿನ ಜನ ಬಹುಕಾಲದಿಂದ ಕೇಳುತ್ತಿದ್ದಾರೆ. ಮೂರರಲ್ಲಿ ಒಂದೂ ಆಗಿಲ್ಲ. ನಮ್ಮ ಊರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಯಾವ ದಾರಿ ಮೊದಲು ಆಗುವುದೆಂದು ವಾದಿಸಿದ ತಂದೆಗಳು ಹೋದರು. ಈಗ ಮಕ್ಕಳು ಅದೇ ಮೇಜಿನ ಮುಂದೆ ಕುಳಿತು ವಾದಿಸುವರು.

ಆದರೆ ಇಲ್ಲಿ ನಾವು ಒಂದು ಮಾತನ್ನು ಬಿಚ್ಚಿ ಹೇಳಬೇಕು. ನಮ್ಮ ಊರಿನವರಿಗೆ ಅದು ರುಚಿಸದಿರಬಹುದು. ಸತ್ಯಮಂಗಲದ ದಾರಿಯೂ ನಿಲಂಬೂರಿನ ದಾರಿಯೂ ಆನೆಗಳ ಕಾಡಿನ ನಡುವೆ ಹಾಯಬೇಕು. ಬಂಡೀಪುರ ೧೯೭೩ರಿಂದಲೂ ಹುಲಿಗಳ ರಕ್ಷಿತಾರಣ್ಯ. ಬಿಳಿಗಿರಿರಂಗನ ಬೆಟ್ಟ ೨೦೧೧ರಲ್ಲಿ, ಸತ್ಯಮಂಗಲ ೨೦೧೩ರಲ್ಲಿ ಅದೇ ಪಂಕ್ತಿಗೆ ಸೇರಿದುವು. ಒಂದಕ್ಕೊಂದು ಹತ್ತಿಕೊಂಡಿರುವ ಈ ಕಾಡುಗಳಲ್ಲಿ ಆನೆಗಳು ಮಳೆಗಾಲ ಬೇಸಗೆಗಳಿಗೆ ತಕ್ಕಂತೆ ಒಂದೆಡೆಯಿಂದ ಇನ್ನೊಂದೆಡೆಗೆ ನಡೆಯುವುವು. ಅವುಗಳಿಗೆ ವೇಳಾಪಟ್ಟಿ ತಿಳಿಯದು. ಬಂಡೀಪುರದ ರಸ್ತೆಯಲ್ಲಿ ೨೦೦೯ರಿಂದ ರಾತ್ರಿಯ ವಾಹನಗಳಿಗೆ ತಡೆಯುಂಟು. ಇಪ್ಪತ್ತೇಳು ಕಡಿದಾದ ತಿರುವುಗಳ ದಿಂಬಂ ಘಟ್ಟದಲ್ಲಿಯೂ ೨೦೨೨ರಿಂದ ಅಂಥದೇ ನಿಯಮ. ಲಾರಿಯನ್ನು ರಾತ್ರಿ ನಿಲ್ಲಿಸಬಹುದು, ತಿರುಗಿಸಬಹುದು; ನೂರಾರು ಟನ್ನು ತೂಕದ ಗಾಡಿ ಆನೆಯನ್ನು ಕಂಡೊಡನೆ ನಿಲ್ಲಲಾರದು. ಹಳಿ ಬೇಕೆಂಬ ಆಸೆ ನಮಗೆ ಯಾರಿಗಿಂತಲೂ ಕಡಮೆಯಿಲ್ಲ. ಆದರೂ ಕಾಡನ್ನು ಸೀಳಿ ಹೋಗುವ ಹಳಿಯನ್ನು ನಾವು ಕೇಳಲಾರೆವು. ಗೋಪಾಲಸ್ವಾಮಿ ಬೆಟ್ಟದ ಮೋಡವನ್ನು ನೋಡಿ ಮಳೆಯ ಲೆಕ್ಕ ಹಾಕುವ ಸೀಮೆಯವರು ನಾವು. ಆ ಕಾಡು ಹೋದರೆ ನಮ್ಮ ಟೊಮೆಟೊ ಎಲ್ಲಿಂದ ಬರಬೇಕು?

ಕಾಡಿನ ಆಚೆಗೆ ಇಳಿದರೆ ಬೇರೆ ಲೋಕ. ನಿಲಂಬೂರಿನ ದಾರಿಯ ಕಥೆ ಚಿಕ್ಕದಾದರೂ ಕೇಳತಕ್ಕದ್ದು. ತೇಗದ ಮರಕ್ಕಾಗಿ ಶೋರನೂರಿನಿಂದ ಅಲ್ಲಿಗೆ ೧೯೨೭ರ ವೇಳೆಗೆ ಹಳಿ ಹಾಕಿದರು. ಎರಡನೆಯ ಮಹಾಯುದ್ಧ ಬಂದಾಗ ಕಬ್ಬಿಣಕ್ಕಾಗಿ ಆ ಹಳಿಯನ್ನೇ ಕಿತ್ತು ಒಯ್ದರು. ಸ್ವಾತಂತ್ರ್ಯ ಬಂದಮೇಲೆ ಜನ ಹಟಹಿಡಿದು ಮತ್ತೆ ಹಾಕಿಸಿಕೊಂಡರು. ಇಂದಿಗೂ ಅಲ್ಲಿ ತೇಗದ ನೆರಳಿನಲ್ಲಿಯೇ ಗಾಡಿ ಓಡುತ್ತಿದೆ. ಇತ್ತ ಮೆಟ್ಟುಪಾಳಯದಿಂದ ಉದಕಮಂಡಲಕ್ಕೆ ಏರುವ ನೀಲಗಿರಿಯ ಗಾಡಿಯನ್ನು ತಾವೆಲ್ಲ ಬಲ್ಲಿರಿ. ೧೮೯೯ರಲ್ಲಿ ಕೂನೂರಿನವರೆಗೆ, ೧೯೦೮ರಲ್ಲಿ ಉದಕಮಂಡಲದವರೆಗೆ. ಹನ್ನೆರಡು ಅಡಿ ಹೋದರೆ ಒಂದಡಿಯಷ್ಟು ಏರಬೇಕಾದ ಕಡೆಗಳಲ್ಲಿ ಎಂಜಿನ್ನಿನ ಹಲ್ಲುಚಕ್ರ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿ ಹಿಡಿದು ಮೇಲಕ್ಕೆ ತಳ್ಳುವುದು. ಲೋಕಪ್ರಸಿದ್ಧವಾದ ಆ ಗಾಡಿಯನ್ನು 'ಸಣ್ಣ ಗಾಡಿ'ಯೆಂದರೆ ತಪ್ಪಾದೀತು. ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆಯವರು ಅದನ್ನು ವಿಶ್ವದ ಸಂಪತ್ತೆಂದು ಪಟ್ಟಿಗೆ ಸೇರಿಸಿದರು. ಆದರೆ ನಾಲ್ವತ್ತಾರು ಕಿಲೋಮೀಟರಿಗೆ ಐದು ಗಂಟೆಯಷ್ಟು ಹೊತ್ತು ತೆಗೆದುಕೊಳ್ಳುವ ಅದನ್ನು ಬರಿಯ ಲೆಕ್ಕಿಗರ ಕೈಗೆ ಕೊಟ್ಟಿದ್ದರೆ ಎಂದೋ ನಿಲ್ಲುತ್ತಿತ್ತೆಂಬುದೂ ನಿಜ.

ನಮ್ಮ ನಾಡಿನ ಉಳಿದ ಸಣ್ಣ ದಾರಿಗಳಿಗೆ ಅಂಥ ಕೀರ್ತಿ ದೊರೆಯಲಿಲ್ಲ. ಕೋಲಾರದ ಕಡೆಯ ಪುಟ್ಟ ಹಳಿಯನ್ನು ನೋಡಿದ ಹಿರಿಯರು ನಮ್ಮಲ್ಲಿ ಅನೇಕರಿದ್ದಾರೆ. ಎರಡು ಹಳಿಗಳ ನಡುವೆ ಎರಡೂವರೆ ಅಡಿ ಮಾತ್ರ. ೧೯೧೩ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಬಂದ ಆ ದಾರಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಮುಟ್ಟಿ ಚಿಕ್ಕಬಳ್ಳಾಪುರಕ್ಕೂ ಅಲ್ಲಿಂದ ಬೆಂಗಳೂರಿಗೂ ಸುತ್ತಿಕೊಂಡು ಹೋಗುತ್ತಿತ್ತು. ಗಾಡಿ ಓಡುತ್ತಿರುವಾಗಲೇ ಇಳಿದು, ಪಕ್ಕದ ತೋಪಿನಲ್ಲಿ ಮಾವಿನಕಾಯಿ ಕೊಯ್ದು, ಮತ್ತೆ ಹತ್ತಬಹುದಾಗಿತ್ತೆಂದು ಆ ಕಡೆಯವರು ಹೇಳುವರು. ಇದರಲ್ಲಿ ಎಷ್ಟು ನಿಜವೋ ಎಷ್ಟು ಮಾವಿನ ಮೇಲಿನ ಮೋಹವೋ ತಿಳಿಯದು. ಆ ಹಳಿಯೆಲ್ಲ ತುಂಡುತುಂಡಾಗಿ ಬ್ರಾಡ್‌ಗೇಜ್ ಆಯಿತು. ಕೋಲಾರ ಚಿಕ್ಕಬಳ್ಳಾಪುರಗಳ ನಡುವಣ ಕೊನೆಯ ತುಂಡು ೨೦೧೩ರಲ್ಲಿ ತೆರೆಯಿತು.

ಇದರ ನಡುವೆ ಬಂಗಾರಪೇಟೆ ಕೋಲಾರಗಳ ಹನ್ನೊಂದು ಮೈಲಿಯ ಹಳಿಯ ಮೇಲೆ ಕೆಲವು ವರ್ಷ ಒಂದು ವಿಚಿತ್ರ ವಾಹನ ಓಡಿತು. ಅದನ್ನು ರೈಲ್‌ಬಸ್ಸು ಎಂದು ಕರೆದರು. ಹೆಸರೇ ಹೇಳುವಂತೆ ಅದು ಹಳಿಯ ಮೇಲೆ ಓಡುವ ಬಸ್ಸು. ಪ್ರತ್ಯೇಕ ಎಂಜಿನ್ನಿಲ್ಲ, ಹಿಂದೆ ಡಬ್ಬಿಗಳಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಡೀಸೆಲ್ ಯಂತ್ರವೂ ಪ್ರಯಾಣಿಕರೂ. ಬೆಂಗಳೂರಿನ ಭಾರತ್ ಅರ್ಥ್ ಮೂವರ್ಸ್ ಕಾರ್ಖಾನೆಯಲ್ಲಿ ಇವುಗಳನ್ನು ಕಟ್ಟಿದರು. ಇದೇ ತೆರನಾದ ಇನ್ನೊಂದು ಮಲೆನಾಡಿನಲ್ಲಿ, ಶಿವಮೊಗ್ಗ ತಾಳಗುಪ್ಪಗಳ ಮೀಟರ್‌ಗೇಜಿನ ಮೇಲೆ ಓಡಿತು. ಆ ದಾರಿ ೧೯೪೦ರ ವೇಳೆಗೆ ಜೋಗದ ವಿದ್ಯುತ್ತಿನ ಕೆಲಸಕ್ಕೆ ಒದಗಿಬಂದುದು. ಕೆಲಸ ಮುಗಿದಮೇಲೆ ಹಳಿಯ ಕಡೆ ನೋಡುವವರು ಕಡಮೆಯಾದರು. ಇಡಿಯ ಗಾಡಿಯನ್ನು ಓಡಿಸಲು ನಷ್ಟ, ನಿಲ್ಲಿಸಲು ಜನ ಬಿಡರು. ಆಗ ರೈಲ್‌ಬಸ್ಸು ಆ ಹಳಿಯ ಮಾನ ಕಾಪಾಡಿತು. ಕಾಡು ಮೇಡುಗಳ ನಡುವೆ ಒಂಟಿಯಾಗಿ ಬುಸುಗುಟ್ಟುತ್ತ ಹೋಗುತ್ತಿದ್ದ ಆ ವಾಹನವನ್ನು ಕಂಡವರು ಅದನ್ನು ಮರೆಯುವುದಿಲ್ಲ. ೨೦೧೧ರಲ್ಲಿ ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ಗಾಡಿ ಬಂದಿತು. ಇಂದು ಬೆಂಗಳೂರಿನಿಂದ ನೇರವಾಗಿ ಅಲ್ಲಿಗೆ ಹೋಗಬಹುದು. ಅದೇ ದಾರಿಯ ಅರಸಾಳು ನಿಲ್ದಾಣದಲ್ಲಿಯೇ 'ಮಾಲ್ಗುಡಿ ಡೇಸ್' ಚಿತ್ರಮಾಲೆಯ ರೈಲು ದೃಶ್ಯಗಳನ್ನು ತೆಗೆದುದು. ಈಗ ಅಲ್ಲಿನ ಹಳೆಯ ಕಟ್ಟಡವೊಂದು ವಸ್ತುಸಂಗ್ರಹಾಲಯವಾಗಿದೆ.

ರೈಲ್‌ಬಸ್ಸು ಹೊಸ ಕಲ್ಪನೆಯೆಂದು ತಿಳಿಯಬಾರದು. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿ ೧೮೯೯ರ ಮಹಾರಾಣಿಯವರ ಸಲೂನ್ ಗಾಡಿಯನ್ನು ನೋಡಿ ಬೆರಗಾಗಿ ಹೊರಬರುವರು. ಆದರೆ ಅಲ್ಲಿಯೇ ಹಳಿಯ ಮೇಲೆ ಓಡುವಂತೆ ಚಕ್ರ ಬದಲಾಯಿಸಿದ ಹಳೆಯ ಆಸ್ಟಿನ್ ಮೋಟಾರುಕಾರು ಒಂದು ಇದೆ. ನಮ್ಮ ಮಟ್ಟಿಗೆ ಸಲೂನಿಗಿಂತ ಅದೇ ಹೆಚ್ಚು ಮಾತನಾಡುವ ವಸ್ತು. ಇಟಲಿಯವರು ೧೯೩೦ರ ದಶಕದಲ್ಲಿಯೇ ಇಂಥ ಮೋಟಾರು ಗಾಡಿಗಳನ್ನು ನೂರಾರು ಕಟ್ಟಿ ಜನ ಕಡಮೆಯಿರುವ ದಾರಿಗಳಲ್ಲಿ ಓಡಿಸಿದರು. ಅವುಗಳಿಗೆ 'ಲಿಟ್ಟೋರಿನ' ಎಂದು ಹೆಸರಾಗಿತ್ತು. ಕಲ್ಲಿದ್ದಲು ತಿನ್ನುವ ಎಂಜಿನ್ನು ಬೇಕಿಲ್ಲ. ಹೊರಡುವ ಮುನ್ನ ಗಂಟೆಗಟ್ಟಲೆ ನೀರು ಕಾಯಿಸುವುದೂ ಬೇಕಿಲ್ಲ.

ಇಟಲಿಯ ಮಾತು ಬಂದುದರಿಂದ ಅಲ್ಲಿನ ಎರಡು ಸಂಗತಿಗಳನ್ನು ಹೇಳಿಯೇ ಮುಂದೆ ಹೋಗಬೇಕು. ಮೊದಲನೆಯದು ಸಮುದ್ರ ದಾಟುವ ರೈಲು. ಇಟಲಿಯ ಕಾಲ್ಬೆರಳಿಗೂ ಸಿಸಿಲಿ ದ್ವೀಪಕ್ಕೂ ನಡುವೆ ಮೆಸ್ಸಿನಾ ಜಲಸಂಧಿ. ರೋಮಿನಿಂದ ಬಂದ ಗಾಡಿ ಅಲ್ಲಿ ನಿಲ್ಲುವುದು. ಡಬ್ಬಿಗಳನ್ನು ಬಿಡಿಸಿ, ಹಳಿಗಳಿರುವ ಹಡಗಿನ ಹೊಟ್ಟೆಯೊಳಕ್ಕೆ ತಳ್ಳುವರು. ಪ್ರಯಾಣಿಕರು ಇಳಿಯಬೇಕಾಗಿಯೂ ಇಲ್ಲ. ಆಚೆಯ ದಡದಲ್ಲಿ ಡಬ್ಬಿಗಳನ್ನು ಮತ್ತೆ ಜೋಡಿಸಿಕೊಂಡು ಹೊರಡುವರು. ನಮ್ಮ ಧನುಷ್ಕೋಟಿಯಲ್ಲಿ ೧೯೧೪ರಿಂದ ಸಿಂಹಳಕ್ಕೆ ಹೋಗುವ ರೈಲಿನ ಜನ ಇಳಿದು ಹಡಗು ಹತ್ತಬೇಕಾಗಿತ್ತು. ೧೯೬೪ರ ಚಂಡಮಾರುತದಲ್ಲಿ ಆ ಹಳಿಯೂ ಊರೂ ಹೋದುವು.

ಎರಡನೆಯದು ನಮಗೆ ಹೆಚ್ಚು ಹತ್ತಿರವಾದುದು. ಅಬ್ರುಝೊ ಎಂಬ ಬೆಟ್ಟಗಾಡಿನಲ್ಲಿ ಸುಲ್ಮೋನದಿಂದ ದಕ್ಷಿಣಕ್ಕೆ ೧೮೯೭ರಲ್ಲಿ ತೆರೆದ ದಾರಿಯೊಂದು ಇದೆ. ಸಮುದ್ರಮಟ್ಟದಿಂದ ೧,೨೬೮ ಮೀಟರು ಎತ್ತರದಲ್ಲಿ ಅದರ ಒಂದು ನಿಲ್ದಾಣ. ಚಳಿಗಾಲದಲ್ಲಿ ಮೊಳಕಾಲುದ್ದ ಹಿಮ ಬೀಳುವುದರಿಂದ ಅಲ್ಲಿನವರು ಅದನ್ನು ಇಟಲಿಯ ಸೈಬೀರಿಯ ರೈಲೆಂದು ಹಾಸ್ಯಮಾಡುವರು. ಹಳ್ಳಿಗಳು ಖಾಲಿಯಾದುವು, ಗಾಡಿಗಳೂ ಖಾಲಿಯಾದುವು, ೨೦೧೧ರ ಹೊತ್ತಿಗೆ ನಿತ್ಯದ ಸಂಚಾರ ನಿಂತಿತು. ಆದರೆ ಅವರು ಹಳಿಯನ್ನು ಕೀಳಲಿಲ್ಲ. ೨೦೧೪ರಿಂದ ಹಳೆಯ ಡಬ್ಬಿಗಳನ್ನು ಜೋಡಿಸಿ ವಿಹಾರಿಗಳಿಗೆಂದು ಗಾಡಿ ಬಿಟ್ಟರು, ಜನ ಮುಗಿಬಿದ್ದರು. ೨೦೧೭ರಲ್ಲಿ ಇಂಥ ದಾರಿಗಳನ್ನು ಉಳಿಸುವುದಕ್ಕೆಂದೇ ಒಂದು ಶಾಸನವನ್ನು ಮಾಡಿದರು. ಇದು ಸಂತೋಷದ ಸುದ್ದಿಯೇ. ಆದರೂ ನಮ್ಮ ಮನಸ್ಸಿನಲ್ಲಿ ಒಂದು ಕೊರೆತ ಉಂಟು. ಭಾನುವಾರ ರೋಮಿನಿಂದ ಬರುವ ವಿಹಾರಿ ಹಿಮವನ್ನು ನೋಡಿಕೊಂಡು ಹೋಗುವನು. ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗಬೇಕಾದ ಹಳ್ಳಿಯ ಮುದುಕಿಗೆ ಆ ಗಾಡಿ ಇಲ್ಲ. ಹಳಿ ಉಳಿಯಿತು, ರೈಲು ಉಳಿಯಿತೆ? ನಮ್ಮಲ್ಲಿ ಅಳ್ನಾವರದಿಂದ ದಾಂಡೇಲಿಯ ಕಡೆಗೆ ಹೋಗುವ ಮರದ ಸಾಗಣೆಯ ಹಳೆಯ ಹಳಿಯ ಮೇಲೆ ಬಹುಕಾಲದ ಮೇಲೆ ೨೦೧೯ರಲ್ಲಿ ಪ್ಯಾಸೆಂಜರ್ ಗಾಡಿ ಬಿಟ್ಟಾಗ, ಜನ ಎಂಜಿನ್ನಿಗೆ ಹಾರ ಹಾಕಿದರು. ಅದು ವಿಹಾರದ ಸಂತೋಷವಲ್ಲ. ಮನೆಬಿಟ್ಟು ಹೋದವನು ಹಿಂತಿರುಗಿದಾಗಿನ ಸಂತೋಷ.

ಇಷ್ಟೆಲ್ಲ ಸುತ್ತಿ ನಾವು ತೆರಕಣಾಂಬಿಗೇ ಹಿಂತಿರುಗುತ್ತೇವೆ. ನಮ್ಮ ಮನಸ್ಸಿನಲ್ಲಿರುವುದನ್ನು ಹೇಳುವೆವು, ನಗುವವರು ನಗಲಿ. ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಹೆಚ್ಚು ಕಡಮೆ ಇಪ್ಪತ್ತೆರಡು ಮೈಲಿ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಇರುವಷ್ಟೇ ದೂರ. ದಾರಿಯಲ್ಲಿ ದೊಡ್ಡ ನದಿಯಿಲ್ಲ, ಘಟ್ಟವಿಲ್ಲ. ಹುಲುಗನಮುರಡಿಯ ಬೆಟ್ಟವನ್ನು ಬಳಸಿ ಹೋದರೆ ಉಳಿದುದೆಲ್ಲ ಕೆಂಪು ಮಣ್ಣಿನ ಹೊಲ. ಹುಲಿಯ ಕಾಡು ದೂರ ದಕ್ಷಿಣಕ್ಕೆ ಉಳಿಯುವುದು. ಮೆಟ್ಟುಪಾಳಯವೂ ಬೇಡ, ನಿಲಂಬೂರೂ ಬೇಡ. ಕಾಡಿನ ಅಂಚಿಗೆ ಬಂದು ನಿಲ್ಲುವ ಒಂದು ಹಳಿ, ಅದರ ಮೇಲೆ ರೈಲ್‌ಬಸ್ಸಿನಂಥ ಒಂದು ಹಗುರ ವಾಹನ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ. ಸಂತೆಯ ದಿನಗಳಲ್ಲಿ ತರಕಾರಿಗೆಂದು ಒಂದು ಡಬ್ಬಿಯನ್ನು ಹಿಂದೆ ಕಟ್ಟಿದರೂ ಸರಿಯೆ. ಸ್ಟೇಷನ್ ಮಾಸ್ತರರು ಬೇಕೆಂದಿಲ್ಲ. ಹಾಲ್ಟ್ ನಿಲ್ದಾಣಗಳಲ್ಲಿರುವಂತೆ ಕಮಿಷನ್ನಿಗೆ ಟಿಕೆಟ್ಟು ಮಾರುವ ಒಬ್ಬ ಏಜೆಂಟ್ ಸಾಕು.

ಈ ಮಾತನ್ನು ರೈಲ್ವೆಯಲ್ಲಿ ಬಹುಕಾಲ ದುಡಿದು ನಿವೃತ್ತರಾದ ನಮ್ಮ ಮಿತ್ರರೊಬ್ಬರ ಮುಂದೆ ಇಟ್ಟೆವು. ಅವರು ಕನ್ನಡಕ ತೆಗೆದು ಒರಸಿ, ಮೂರು ಆಕ್ಷೇಪಗಳನ್ನು ಹೇಳಿದರು. ಹೊಸ ಹಳಿಗೆ ಭೂಮಿ ಕೊಳ್ಳುವ ಬೆಲೆಯನ್ನು ಇಪ್ಪತ್ತೆರಡು ಮೈಲಿಯ ಜನದ ಟಿಕೆಟ್ಟಿನಿಂದ ಎಂದಿಗೂ ಹಿಂದೆ ಪಡೆಯಲಾಗದು. ರೈಲ್‌ಬಸ್ಸುಗಳು ಓಡಿದುದು ಮೊದಲೇ ಇದ್ದ ಹಳಿಗಳ ಮೇಲೆ. ಅವುಗಳಿಗಾಗಿ ಹೊಸ ಹಳಿ ಹಾಕಿದವರು ಯಾರೂ ಇಲ್ಲ. ಕೋಲಾರದಲ್ಲಿಯೂ ತಾಳಗುಪ್ಪದಲ್ಲಿಯೂ ಅವುಗಳ ಕಾಲ ಮುಗಿದು ಪೂರಾ ಗಾಡಿಗಳೇ ಬಂದುವು. ಮೂರೂ ಸತ್ಯವೆಂದು ನಾವು ಒಪ್ಪಬೇಕಾಯಿತು. ಆದರೆ ಮೂರನೆಯ ಮಾತನ್ನೇ ಹಿಡಿದು ನಾವು ಕೇಳಿದೆವು: ಆ ಎರಡು ದಾರಿಗಳಿಗೆ ಪೂರಾ ಗಾಡಿ ಬಂದುದು ಏಕೆ? ನಡುವಣ ಕೆಟ್ಟ ವರ್ಷಗಳಲ್ಲಿ ಆ ಸಣ್ಣ ವಾಹನ ಓಡಿ, ಜನದ ರೂಢಿಯನ್ನೂ ಹಳಿಯ ಹೆಸರನ್ನೂ ಉಳಿಸಿದುದರಿಂದಲ್ಲವೆ? ಅದೂ ನಿಂತಿದ್ದರೆ ಹಳಿಯ ಮೇಲೆ ಲಂಟಾನ ಬೆಳೆದು, ಬ್ರಾಡ್‌ಗೇಜಿನ ಮಾತು ಎತ್ತುವವರೇ ಇರುತ್ತಿರಲಿಲ್ಲ. ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದಿರಲಿ, ೧೯೨೬ರಲ್ಲಿ ಚಾಮರಾಜನಗರಕ್ಕೆ ಹಳಿ ಹಾಕಿದಾಗ ಯಾರಾದರೂ ಟಿಕೆಟ್ಟಿನ ಲೆಕ್ಕ ಹಾಕಿದ್ದರೆ ಅದೂ ಆಗುತ್ತಿರಲಿಲ್ಲವೇನೋ' ಎಂದರು. ನಮ್ಮ ಪಕ್ಷಕ್ಕೆ ಅವರಿಂದ ದೊರೆತುದು ಅಷ್ಟೆ.

ಅಂದು ಸಂಜೆ ಮೈಸೂರಿನಿಂದ ಪ್ಯಾಸೆಂಜರ್ ಗಾಡಿಯಲ್ಲಿ ಹಿಂತಿರುಗಿದೆವು. ಬದನಗುಪ್ಪೆ ದಾಟುವ ಹೊತ್ತಿಗೆ ಡಬ್ಬಿಯಲ್ಲಿ ಹತ್ತು ಜನರೂ ಉಳಿದಿರಲಿಲ್ಲ. ಚಾಮರಾಜನಗರದಲ್ಲಿ ಎಲ್ಲರೂ ಇಳಿದಮೇಲೆ ನಾವು ಪ್ಲಾಟ್‌ಫಾರಮಿನ ತುದಿಯವರೆಗೂ ನಡೆದುಹೋಗಿ ಹಳಿ ಮುಗಿಯುವ ಜಾಗವನ್ನು ನೋಡಿದೆವು. ಗಾಡಿ ಮುಂದೆ ಹೋಗದಂತೆ ಅಡ್ಡಲಾಗಿ ಕಟ್ಟಿದ ತಡೆ, ಅದರಾಚೆ ಹುಲ್ಲು, ಹುಲ್ಲಿನಲ್ಲಿ ಎರಡು ಮೇಕೆಗಳು. ಹೊರಗೆ ಬಂದು ಗುಂಡ್ಲುಪೇಟೆಯ ಬಸ್ಸು ಹಿಡಿದೆವು. ನಿಂತುಕೊಂಡೇ ಹೋಗಬೇಕಾಯಿತು. ತೆರಕಣಾಂಬಿಯಲ್ಲಿ ಇಳಿದಾಗ ಸಂತೆಯ ಮುಂದೆ ಕೇರಳದ ಲಾರಿಗಳು ಸಾಲಾಗಿ ನಿಂತಿದ್ದುವು. ಬಂಡೀಪುರದ ಬಾಗಿಲು ಮುಚ್ಚುವುದರೊಳಗೆ ಕಾಡು ದಾಟಬೇಕೆಂದು ಡ್ರೈವರುಗಳು ಕೂಲಿಗಳನ್ನು ಅವಸರಪಡಿಸುತ್ತಿದ್ದರು. ಕೊನೆಯ ಲಾರಿಗೆ ಎಲೆಕೋಸಿನ ಮೂಟೆಗಳು ಇನ್ನೂ ಏರುತ್ತಿದ್ದುವು.